ಡಬ್ಬಿ ಟ್ಯೂನಾದ ಸಲಾಡ್ ನೀರಾಗದಂತೆ ಮಾಡುವುದು ಹೇಗೆ?

ಪ್ರಶ್ನೆ (ರಾಯಚೂರು):
ಒಲೆ ಹಚ್ಚಲು ಮನಸ್ಸಾಗದ ಬೇಸಿಗೆಯ ರಾತ್ರಿಗಳಿಗೆಂದು ನೀರಿನಲ್ಲಿಟ್ಟ ಟ್ಯೂನಾ ಮೀನಿನ ಡಬ್ಬಿಗಳನ್ನು ತಂದಿದ್ದೇನೆ. ಕೊಬ್ಬು ಕಡಿಮೆಯಾಗಲೆಂದು ಮೇಯನೇಸ್ ಬದಲು ಮೊಸರು ಹಾಕಿದರೆ, ಹತ್ತೇ ನಿಮಿಷಕ್ಕೆ ಸಲಾಡ್ ನೀರೊಡೆದು ತಟ್ಟೆಯ ಅಂಚಿಗೆ ಹರಿಯುತ್ತದೆ. ತಪ್ಪುತ್ತಿರುವುದು ಎಲ್ಲಿ?

ಉತ್ತರ (ಕೊಪ್ಪಳ):
ಮೊಸರೊಂದನ್ನೇ ದೂರಬೇಡಿ. ಮೀನನ್ನು ಜರಡಿಗೆ ಸುರಿದು ಚಮಚದ ಬೆನ್ನಿನಿಂದ ಒತ್ತಿ ನೀರಿಳಿಸಿ, ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ತೂಗುಹಾಕಿ, ಸೌತೆಕಾಯಿ ಹಾಕುವುದಾದರೆ ಬೀಜದ ತಿರುಳನ್ನು ಕೆರೆದು ತೆಗೆಯಿರಿ. ಉಪ್ಪು ಬಿದ್ದ ಕ್ಷಣದಿಂದಲೇ ತರಕಾರಿ ನೀರು ಬಿಡತೊಡಗುವುದರಿಂದ ಅದನ್ನು ಕೊನೆಗೆ ಹಾಕಬೇಕು. ಡಬ್ಬಿಯ ಮೀನಿನಲ್ಲಿ ಸಾಮಾನ್ಯವಾಗಿ ಉಪ್ಪು ಮೊದಲೇ ಇರುವ ಕಾರಣ ನಾನಂತೂ ಬೇರೆ ಹಾಕುವುದೇ ಇಲ್ಲ, ನಿಂಬೆರಸ ಸಾಕು.

ಉತ್ತರ (ಬಳ್ಳಾರಿ):
ನಮ್ಮಲ್ಲಿ ಸಣ್ಣಗೆ ಹೆಚ್ಚಿದ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ ಬೆರೆಸಿ, ಮೇಲೆ ಒಂದು ಚಮಚ ಗುರೆಳ್ಳು ಪುಡಿ ಉದುರಿಸಿ, ಖಡಕ್ ರೊಟ್ಟಿಯ ಚೂರಿನಿಂದಲೇ ಎತ್ತಿ ತಿನ್ನುತ್ತೇವೆ. (ಬ್ರೆಡ್ಡಿಗೆ ಆ ಗರಿ ಎಲ್ಲಿಂದ ಬರಬೇಕು!) ಆದರೆ 32 ಡಿಗ್ರಿ ಸೆಲ್ಸಿಯಸ್ ಮೀರಿದ ಸೆಕೆಯಲ್ಲಿ ಕಲಸಿದ ಸಲಾಡನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು, ಉಳಿದ ಮೀನನ್ನು ಮುಚ್ಚಳವಿರುವ ಬೇರೆ ಡಬ್ಬಕ್ಕೆ ಹಾಕಿ ಫ್ರಿಜ್ಜಿನಲ್ಲಿಡಿ.

ಪ್ರಶ್ನೆ ಕೇಳಿದವರು:
ಮೊಸರು ಕಟ್ಟಿ ತೂಗುಹಾಕಿದ್ದೇನೆ. ಕೆಳಗಿಟ್ಟ ಲೋಟ ಆಗಲೇ ಅರ್ಧ ತುಂಬಿದೆ.