ತರಗುಪೇಟೆಯ ‘ತರಗು’ ಯಾವುದು?

ಎಲ್ಲರಿಗೂ ನಮಸ್ಕಾರ. ಮೊನ್ನೆ ಬೇಳೆ ತರೋಣ ಅಂತ ಬೆಂಗಳೂರಿನ ಹೊಸ ತರಗುಪೇಟೆಗೆ ಹೋಗಿದ್ದೆ. ಒಂದು ಬೋರ್ಡಿನಲ್ಲಿ ‘ಥರಗುಪೇಟೆ’ ಎಂದಿತ್ತು. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿಕೊಂಡು ಕನ್ನಡಕ್ಕೆ ಇಳಿಸಿದರೆ ಹೀಗೇ ಆಗುವುದು, ಬಿಡಿ. ಇನ್ನೊಂದರಲ್ಲಿ ‘ತರುಗುಪೇಟೆ’. ಯಾವುದು ಸರಿ ಅಂತ ನೋಡುತ್ತಾ ನಿಂತಾಗಲೇ ಹೊಳೆದದ್ದು, ಇಷ್ಟು ವರ್ಷ ಈ ಹೆಸರು ಹೇಳಿಕೊಂಡು ಓಡಾಡಿದ್ದರೂ ತರಗು ಅಂದರೆ ಏನು ಎಂದು ನಾನು ಕೇಳಿಕೊಂಡೇ ಇಲ್ಲ.

ನಮ್ಮ ಮಲೆನಾಡಿನ ಕಡೆ ತರಗು ಅಂದರೆ ಒಣಗಿ ಉದುರಿದ ಎಲೆ. ದರಗು ಅಂತಲೂ ಅನ್ನುತ್ತೇವೆ. ಬೇಸಿಗೆಯಲ್ಲಿ ಗುಡಿಸಿ, ದೊಡ್ಡ ಬುಟ್ಟಿಗೆ ಕಾಲಲ್ಲಿ ತುಳಿದು ತುಂಬಿ, ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸುತ್ತಿದ್ದೆವು. ಆದರೆ ಬೆಂಗಳೂರಿನ ಕೋಟೆ ಪಕ್ಕ ಕೂತು ಒಣ ಎಲೆ ಮಾರಿದವರು ಯಾರು?

ತರಗು ಅಂದರೆ ದವಸ ಎಂದು ಸುಮ್ನೆ ಹೇಳಿಬಿಡುವವರಿದ್ದಾರೆ. ಅಲ್ಲಿ ಕಾಳುಕಡ್ಡಿ ಮಂಡಿಗಳಿವೆ, ಅದಕ್ಕೇ ಆ ಅರ್ಥ ಹುಟ್ಟಿಕೊಂಡಿರಬೇಕು. ನನಗೆ ಒಪ್ಪಿಗೆಯಾಗಲಿಲ್ಲ. ತಮಿಳಿನಲ್ಲಿ ತರಗು ಅಂದರೆ ದಲ್ಲಾಳಿಗೆ ಕೊಡುವ ಕಾಸು, ತರಗರ್ ಅಂದರೆ ದಲ್ಲಾಳಿ. ಇವತ್ತಿಗೂ ಮನೆ, ಸೈಟು ಮಾರಿಸುವವನಿಗೆ ಅದೇ ಮಾತು. ಕೇರಳದ ತರಕನ್ ಎಂಬ ಮನೆತನದ ಹೆಸರೂ ಇಲ್ಲಿಂದಲೇ ಬಂದದ್ದು. ಹಾಗಾದರೆ ತರಗುಪೇಟೆ ಅಂದರೆ ದಲ್ಲಾಳಿ ಪೇಟೆ ಅಲ್ವಾ? ರೈತನ ಮೂಟೆ ಇಳಿಸಿಕೊಂಡು, ಗಿರಾಕಿ ಹುಡುಕಿ, ಮಾರಿಸಿಕೊಟ್ಟು, ನಡುವೆ ತನ್ನ ಪಾಲು ಹಿಡಿದುಕೊಳ್ಳುವವನ ಜಾಗ.

ಇದು ನಿಜವಾದರೆ ಸೊಗಸಾದ ಹೆಸರು. ಬಳೇಪೇಟೆ, ಅಕ್ಕಿಪೇಟೆಗಳಿಗೆ ಮಾರುವ ಸರಕಿನ ಹೆಸರು, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆಗಳಿಗೆ ಜನರ ಹೆಸರು, ಇದೊಂದಕ್ಕೆ ಮಾತ್ರ ಕಮಿಷನ್ನಿನ ಹೆಸರು! (ಅರಳೇಪೇಟೆಯ ಅರಳೆ ಹತ್ತಿ, ಅದರ ಹತ್ತಿರದಲ್ಲೇ ಕಾಟನ್‌ಪೇಟೆ ಅಂತ ಇನ್ನೊಂದಿದೆ. ಅದರ ಜಗಳ ಇನ್ನೊಮ್ಮೆ ಆಡೋಣ.) ದಲ್ಲಾಳಿ ಅನ್ನುವುದು ಅರಬ್ಬಿಯಿಂದ ಬಂದ ಮಾತು, ಕಮಿಷನ್ ಇಂಗ್ಲಿಷಿನದು. ಇವೆರಡೂ ಬಂದು ಕೂತ ಮೇಲೆ ತರಗು ಮಾತಿನಿಂದ ಜಾರಿ ಊರಿನ ಹೆಸರಲ್ಲಿ ಮಾತ್ರ ಉಳಿದಿದೆ ಅನ್ನಿಸುತ್ತದೆ.

ಒಂದೇ ಒಂದು ತೊಡಕು. ‘ತರುಗುಪೇಟೆ’ ಎಂದು ಬರೆದವರನ್ನು ತಪ್ಪು ಅಂತ ತಳ್ಳಿಹಾಕುವ ಹಾಗಿಲ್ಲ. ತೆಲುಗಿನಲ್ಲಿ ತರುಗು ಅಂದರೆ ಕಡಿತ. ಭತ್ತ ತೂಗುವಾಗ ತೇವ ಇದೆ, ಕಸ ಇದೆ ಅಂತ ಮೂಟೆಗೆ ಇಷ್ಟು ಎಂದು ಮುರಿದುಕೊಳ್ಳುತ್ತಾರಲ್ಲ, ಅದು. ಮಂಡಿಗೆ ಇದೂ ಹೊಂದುತ್ತದೆ, ದಲ್ಲಾಳಿಯ ಪಾಲಿನಷ್ಟೇ ಚೆನ್ನಾಗಿ ಹೊಂದುತ್ತದೆ. ಎರಡೂ ಒಂದೇ ಬೇರಿನವೋ, ಬೇರೆ ಬೇರೆಯೋ?

ಕೋಲಾರ, ಚಿಂತಾಮಣಿ ಕಡೆಯವರು ಯಾರಾದರೂ ಇದ್ದೀರಾ? ನಿಮ್ಮ ಮಂಡಿಯಲ್ಲಿ, ಸಂತೆಯಲ್ಲಿ, ಮನೆಯ ಹಿರಿಯರ ಬಾಯಲ್ಲಿ ತರಗು ಅನ್ನುವುದು ಕಿವಿಗೆ ಬಿದ್ದಿದೆಯೇ? ಬಿದ್ದಿದ್ದರೆ ಅದು ಕೊಡುವ ಕಾಸಿಗೋ, ತೂಕದಲ್ಲಿ ಮುರಿದುಕೊಳ್ಳುವುದಕ್ಕೋ, ಇಡೀ ವಾಕ್ಯದ ಸಮೇತ ಬರೆಯಿರಿ.