ಸುವಾನ್‌ಗೆ ಎರಡು ವರ್ಷದ ಕೆಲಸ: ಒಪ್ಪಂದ, ಮನೆ, ಊಟ, ಹ್ವೇಸಿಕ್ (ಆಫೀಸಿನವರ ಕೂಟದ ಊಟ) ಬಗ್ಗೆ ಗೊತ್ತಿರುವವರು ಹೇಳಿ

ಕೇಳಿದವರು (ಬೆಂಗಳೂರು):
ದಕ್ಷಿಣ ಕೊರಿಯಾದ ಸುವಾನ್‌ನಲ್ಲಿ ಒಂದು ಕಂಪನಿ ನೇರವಾಗಿ ಕೆಲಸಕ್ಕೆ ತಗೊಂಡಿದೆ. ಇ-7 (ಪರಿಣತ ನೌಕರರ) ವೀಸಾ, ಎರಡು ವರ್ಷದ ಒಪ್ಪಂದ. ಮನೆ ನಾವೇ ಹುಡುಕಿಕೊಳ್ಳಬೇಕಂತೆ. ಹೆಂಡತಿ ಮೂರು ತಿಂಗಳು ಬಿಟ್ಟು ಬರುತ್ತಾರೆ. ಮೊಟ್ಟೆಯೂ ಇಲ್ಲದ ಸಸ್ಯಾಹಾರ, ಕುಡಿಯುವ ಅಭ್ಯಾಸ ಇಲ್ಲ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಯಾವುದನ್ನು ಮೊದಲು ಮಾಡಬೇಕು, ಎಲ್ಲಿ ಎಡವುತ್ತಾರೆ, ದಯವಿಟ್ಟು ತಿಳಿಸಿ.

ಯೊಂಗ್‌ತೊಂಗ್‌ನಿಂದ:
ಹೆಸರಿನಿಂದಲೇ ಶುರು ಮಾಡಿ. ನಮ್ಮ ಕಡೆ ಇನಿಶಿಯಲ್, ತಂದೆಯ ಹೆಸರು, ಊರ ಹೆಸರು ಎಲ್ಲಾ ಸೇರಿ ಒಂದೊಂದು ಕಾಗದದಲ್ಲಿ ಒಂದೊಂದು ರೂಪ ಇರುತ್ತದೆ. ಕೊರಿಯಾದಲ್ಲಿ ಫೋನ್ ಕಂಪನಿ, ಬ್ಯಾಂಕು, ವಿದೇಶಿಯರ ಗುರುತಿನ ಚೀಟಿ, ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ, ಖಾಲಿ ಜಾಗಕ್ಕೆ ಖಾಲಿ ಜಾಗ ಒಂದೇ ಇರಬೇಕು. ಆನ್‌ಲೈನ್‌ನಲ್ಲಿ ಏನೇ ಮಾಡಲು ಹೋದರೂ 'ಬೊನಿನ್ ಇನ್‌ಜುಂಗ್', ಅಂದರೆ ನೀವು ನೀವೇ ಎಂಬ ಖಾತರಿ ಕೇಳುತ್ತದೆ, ಅದು ನಡೆಯುವುದು ನಿಮ್ಮ ಹೆಸರಿನ ಫೋನ್ ಮೂಲಕ. ಬ್ಯಾಂಕಿನವರು ಹೆಸರು ಉದ್ದವಾಯಿತೆಂದು ಕೊನೆಯ ನಾಲ್ಕು ಅಕ್ಷರ ಕತ್ತರಿಸಿದರೂ ಸಾಕು, ಖಾತರಿ ಆಗುವುದಿಲ್ಲ. ಏಕೆ ಆಗಲಿಲ್ಲ ಎಂದು ಪರದೆ ಹೇಳುವುದೂ ಇಲ್ಲ. ಸಿಮ್ ಕೊಳ್ಳುವಾಗ, ಖಾತೆ ತೆರೆಯುವಾಗ ಕೌಂಟರಿನಲ್ಲೇ 'ಚೀಟಿಯಲ್ಲಿ ಇರುವಂತೆಯೇ ಬರೆಯಿರಿ' ಎಂದು ಹೇಳಿ, ಪರದೆ ತಿರುಗಿಸಿ ತೋರಿಸಲು ಕೇಳಿ.

ಸಮಯ ಇದ್ದರೆ ವೀಸಾ ಅರ್ಜಿಗೆ ಮೊದಲೇ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿ ಸರ್‌ನೇಮ್ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ವೀಸಾ ಆದ ಮೇಲೆ ಮಾಡಿದರೆ ಎಲ್ಲವನ್ನೂ ಮತ್ತೆ ತಿದ್ದಿಸುತ್ತಾ ಕೂರಬೇಕು.

ಅಲ್ಲಿಗೆ ಹೋದ 90 ದಿನದೊಳಗೆ ವಿದೇಶಿಯರ ನೋಂದಣಿ ಆಗಬೇಕು. ವಲಸೆ ಇಲಾಖೆಯ ಹೈಕೊರಿಯಾ ತಾಣದಲ್ಲಿ ಭೇಟಿಯ ದಿನ ಮೊದಲೇ ಕಾದಿರಿಸಬೇಕು. ವಾರಗಟ್ಟಲೆ ತುಂಬಿರುವುದು ಮಾಮೂಲು, ಟಿಕೆಟ್ ಆದ ದಿನವೇ ಹಿಡಿದುಕೊಳ್ಳಿ. ಅರ್ಜಿ ಕೊಟ್ಟ ಮೇಲೂ ಚೀಟಿ ಕೈಗೆ ಬರಲು ಕೆಲವು ವಾರ ಬೇಕು. ಚೀಟಿ ಇಲ್ಲದೆ ಸರಿಯಾದ ಸಿಮ್ ಇಲ್ಲ, ಸಿಮ್ ಇಲ್ಲದೆ ಬ್ಯಾಂಕಿನ ಆ್ಯಪ್ ಇಲ್ಲ. ಮೊದಲ ಸಂಬಳ ಯಾವ ದಾರಿಯಲ್ಲಿ ಕೊಡುತ್ತಾರೆ ಎಂದು ಕಂಪನಿಯನ್ನು ಈಗಲೇ ಕೇಳಿ, ಎರಡು ತಿಂಗಳ ಖರ್ಚು ಕೈಯಲ್ಲಿರಲಿ. ಹೊಸ ಖಾತೆಗೆ ದಿನದ ವರ್ಗಾವಣೆ ಮಿತಿಯೂ ಇರುತ್ತದೆ. ಉದ್ಯೋಗ ಪ್ರಮಾಣಪತ್ರ, ಸಂಬಳದ ಚೀಟಿ ತೋರಿಸಿದರೆ ಎತ್ತುತ್ತಾರೆ.

ಪದವಿ ಪತ್ರಕ್ಕೆ ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ಹೊರದೇಶದವರು ಒಪ್ಪುವ ದೃಢೀಕರಣ). ಹೆಂಡತಿಯ ಎಫ್-3 ವೀಸಾಕ್ಕೆ ಮದುವೆ ನೋಂದಣಿ ಪತ್ರಕ್ಕೂ ಅಪೋಸ್ಟಿಲ್ ಬೇಕು, ಎರಡನ್ನೂ ಒಟ್ಟಿಗೆ ಮುಗಿಸಿ. ಎಫ್-3ರಲ್ಲಿ ಇಷ್ಟ ಬಂದಂತೆ ಕೆಲಸ ಮಾಡುವಂತಿಲ್ಲ, ಅದನ್ನು ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಭಾರತದವರಿಗೆ ಕ್ಷಯ ತಪಾಸಣೆಯ ಪ್ರಮಾಣಪತ್ರವನ್ನೂ ಕೇಳುತ್ತಾರೆ.

ಪಾನ್‌ಗ್ಯೊ ಐಟಿ:
ಒಪ್ಪಂದದಲ್ಲಿ ಮೂರು ಸಾಲು ಹುಡುಕಿ.

ಒಂದು, ವಾರ್ಷಿಕ ಸಂಬಳವನ್ನು 12ರಿಂದ ಭಾಗಿಸುತ್ತಾರೋ 13ರಿಂದಲೋ. 'ತ್ವೇಜಿಕ್‌ಗುಮ್ ಸೇರಿ' ಎಂದಿದ್ದರೆ 13. ತ್ವೇಜಿಕ್‌ಗುಮ್ ಎಂದರೆ ಕೆಲಸ ಬಿಡುವಾಗ ಕೊಡುವ ಹಣ, ನಮ್ಮ ಗ್ರಾಚ್ಯುಟಿ ಇದ್ದಂತೆ. ವ್ಯತ್ಯಾಸ ಏನೆಂದರೆ ಕೊರಿಯಾದಲ್ಲಿ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಪೂರೈಸಿದರೆ ವರ್ಷಕ್ಕೆ ಕನಿಷ್ಠ 30 ದಿನದ ಸರಾಸರಿ ಸಂಬಳ. ಬಿಟ್ಟ 14 ದಿನದೊಳಗೆ ಕೊಡಬೇಕು. 3 ಕೋಟಿ 90 ಲಕ್ಷ ವಾನ್ ಎಂದು ಹೇಳಿ 13ರಿಂದ ಭಾಗಿಸಿದರೆ ತಿಂಗಳಿಗೆ 30 ಲಕ್ಷ, 12ರಿಂದ ಆದರೆ 32.5 ಲಕ್ಷ. ಬಾಯಿಮಾತಿನಲ್ಲಿ ಎರಡಕ್ಕೂ ಒಂದೇ ಅಂಕಿ ಹೇಳುತ್ತಾರೆ. ಹನ್ನೊಂದೂವರೆ ತಿಂಗಳಿಗೆ ಬಿಟ್ಟರೆ ಏನೂ ಸಿಗುವುದಿಲ್ಲ, ಕೆಲಸ ಬದಲಿಸುವಾಗ ತಾರೀಕು ನೋಡಿಕೊಳ್ಳಿ.

ಎರಡು, 'ಪೊಗ್ವಾಲ್ ಇಮ್‌ಗುಮ್'. ಓವರ್‌ಟೈಮ್ ಹಣವನ್ನು ಮೊದಲೇ ಸಂಬಳದೊಳಗೆ ಸೇರಿಸಿಬಿಡುವ ಪದ್ಧತಿ. ಎಷ್ಟು ಗಂಟೆ ಸೇರಿದೆ ಎಂದು ಬರೆದಿದೆಯೇ ನೋಡಿ. ಗಂಟೆಯ ಲೆಕ್ಕಕ್ಕೆ ಮೂಲ ಸಂಬಳವನ್ನು 209ರಿಂದ ಭಾಗಿಸುತ್ತಾರೆ (ವಾರಕ್ಕೆ 40 ಗಂಟೆ, ಜೊತೆಗೆ ಸಂಬಳ ಸಹಿತ ವಾರದ ರಜೆ ಸೇರಿದ ತಿಂಗಳ ಗಂಟೆಗಳು). ಮೂಲ ಸಂಬಳ 30 ಲಕ್ಷವಾದರೆ ಗಂಟೆಗೆ ಸುಮಾರು 14,350, ಓವರ್‌ಟೈಮ್ ಒಂದೂವರೆ ಪಟ್ಟು, ಸುಮಾರು 21,500. ತಿಂಗಳಿಗೆ 20 ಗಂಟೆ ಒಳಗೆ ಸೇರಿಸಿದ್ದರೆ 4 ಲಕ್ಷ 30 ಸಾವಿರ ವಾನ್‌ನಷ್ಟು ನಿಮ್ಮ 'ಸಂಬಳ' ನಿಜಕ್ಕೆ ಓವರ್‌ಟೈಮ್. ವಾರಕ್ಕೆ ಒಟ್ಟು 52 ಗಂಟೆ ಕಾನೂನಿನ ಮಿತಿ.

ಮೂರು, ರಜೆ. ಮೊದಲ ವರ್ಷ ಪೂರ್ತಿ ಹಾಜರಾದ ತಿಂಗಳಿಗೆ ಒಂದರಂತೆ 11, ವರ್ಷ ಮುಗಿದ ಮೇಲೆ 15. ಇದು ಐದು ಜನಕ್ಕಿಂತ ಕಡಿಮೆ ಇರುವ ಕಂಪನಿಗೆ ಅನ್ವಯಿಸುವುದಿಲ್ಲ. ಊರಿಗೆ ಬರುವ ರಜೆಯನ್ನು ಸೊಲ್ಲಾಲ್ ಅಥವಾ ಚುಸೊಕ್ ಹಬ್ಬಕ್ಕೆ ಅಂಟಿಸಿದರೆ ದಿನ ಉಳಿಯುತ್ತದೆ, ವಿಮಾನದ ದರ ಮಾತ್ರ ಏರಿರುತ್ತದೆ.

ತೆರಿಗೆ: ವಿದೇಶಿ ನೌಕರರು ಬೇಕಾದರೆ 19% ಸಮದರ ಆರಿಸಿಕೊಳ್ಳಬಹುದು, ಸ್ಥಳೀಯ ತೆರಿಗೆ ಸೇರಿ 20.9%. ಎಲ್ಲರೂ ಇದೇ ಲಾಭ ಎನ್ನುತ್ತಾರೆ, ಆದರೆ ಅದರಲ್ಲಿ ಯಾವ ವಿನಾಯಿತಿಯೂ ಇಲ್ಲ. ಮಧ್ಯಮ ಸಂಬಳಕ್ಕೆ ಸಾಮಾನ್ಯ ದರವೇ ಕಡಿಮೆ ಬೀಳುತ್ತದೆ. ಜನವರಿ–ಫೆಬ್ರವರಿಯ ವರ್ಷಾಂತ್ಯ ಲೆಕ್ಕದಲ್ಲಿ (ಯೊನ್ಮಾಲ್ ಜೊಂಗ್ಸಾನ್) ಎರಡನ್ನೂ ಹಾಕಿ ನೋಡಿ. ಪಿಂಚಣಿಗೆ ಕಟ್ಟಿದ್ದು, ಕಂಪನಿಯ ಪಾಲೂ ಸೇರಿ, ದೇಶ ಬಿಡುವಾಗ ಭಾರತೀಯರಿಗೆ ವಾಪಸ್ ಸಿಗುತ್ತದೆ. ಹೊರಡುವ ಮೊದಲು ಟಿಕೆಟ್ ತೋರಿಸಿ ಪಿಂಚಣಿ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಬೆಂಗಳೂರಿನ ಶಾಖೆಯಿಂದ ಡೆಪ್ಯುಟೇಷನ್ ಮೇಲೆ ಬರುವವರ ಲೆಕ್ಕ ಬೇರೆ: 2011ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಒಪ್ಪಂದದ ಪ್ರಕಾರ ಇಪಿಎಫ್‌ಒ ಪ್ರಮಾಣಪತ್ರ ತಂದರೆ ಅವರು ಕೊರಿಯಾದಲ್ಲಿ ಪಿಂಚಣಿ ಕಟ್ಟಬೇಕಿಲ್ಲ.

ಮನೆ ವಿಷಯಕ್ಕೆ ಮಾತ್ರ:
ಬೆಂಗಳೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಮನೆ 'ಲೀಸ್'ಗೆ ಹಾಕುವುದು, ಹಳಬರ ಭೋಗ್ಯ, ಅದೇ ಅಲ್ಲಿನ ಜೊನ್ಸೆ. ದೊಡ್ಡ ಮೊತ್ತ ಒಂದೇ ಸಲ ಕೊಟ್ಟು ಬಾಡಿಗೆಯಿಲ್ಲದೆ ಇರುವುದು. ಭೋಗ್ಯದಲ್ಲಿ ಆಗುವ ಮೋಸವೇ ಅಲ್ಲೂ ಆಗುತ್ತದೆ: ಮನೆ ಆಗಲೇ ಬ್ಯಾಂಕಿಗೆ ಅಡವಾಗಿರುತ್ತದೆ, ಮಾಲೀಕ ಸಾಲ ಕಟ್ಟುವುದಿಲ್ಲ, ಹರಾಜಾದಾಗ ಬ್ಯಾಂಕು ಮೊದಲು, ನೀವು ಆಮೇಲೆ. ಹಗರಣ ಎಷ್ಟು ಬೆಳೆಯಿತೆಂದರೆ 2023ರಲ್ಲಿ ಸಂತ್ರಸ್ತರಿಗಾಗಿ ವಿಶೇಷ ಕಾನೂನೇ ಬಂತು. ಎರಡು ವರ್ಷಕ್ಕೆ ಹೋಗುವವರು ಜೊನ್ಸೆಗೆ ಕೈ ಹಾಕಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ವೊಲ್ಸೆ ನೋಡಿ: ಸ್ವಲ್ಪ ಠೇವಣಿ, ತಿಂಗಳ ಬಾಡಿಗೆ, ಮೇಲೆ ಕ್ವಾಲ್ಲಿಬಿ ಎಂಬ ನಿರ್ವಹಣಾ ಶುಲ್ಕ.

ವೊಲ್ಸೆಯ ಠೇವಣಿಯೂ ಹಣವೇ. ಕ್ರಮ ಹೀಗಿರಲಿ. ಸಹಿಗೆ ಮೊದಲು 'ದುಂಗಿಬು ದುಂಗ್‌ಬೊನ್' ತೆಗೆಸಿ. ಅದು ನಮ್ಮ ಇ.ಸಿ. ಇದ್ದಂತೆ, ಆನ್‌ಲೈನ್‌ನಲ್ಲಿ ನೋಡಲು 700 ವಾನ್. ಮಾಲೀಕರ ಹೆಸರು, ಸಾಲದ ಮೊತ್ತ ಅದರಲ್ಲಿರುತ್ತದೆ. ಮಾಲೀಕರಲ್ಲದೆ ಬೇರೆಯವರ ಖಾತೆಗೆ ದುಡ್ಡು ಹಾಕಬೇಡಿ. ಬಾಕಿ ಹಣ ಕೊಡುವ ದಿನ ಬೆಳಿಗ್ಗೆ ಇನ್ನೊಮ್ಮೆ ತೆಗೆಸಿ ನೋಡಿ. ಅದೇ ದಿನ ವಿಳಾಸ ನೋಂದಾಯಿಸಿ, ಒಪ್ಪಂದದ ಮೇಲೆ ಬಡಾವಣೆಯ ಕಚೇರಿಯಲ್ಲಿ 'ಹ್ವಾಕ್‌ಜೊಂಗ್ ಇಲ್‌ಜಾ', ಅಂದರೆ ತಾರೀಕಿನ ಮುದ್ರೆ ಹಾಕಿಸಿ.

ಇಲ್ಲೊಂದು ಸಣ್ಣ ಬಿರುಕಿದೆ. ನಿಮ್ಮ ಹಕ್ಕು ಜಾರಿಗೆ ಬರುವುದು ವಿಳಾಸ ನೋಂದಾಯಿಸಿದ ಮರುದಿನ ಸೊನ್ನೆ ಗಂಟೆಗೆ. ಬ್ಯಾಂಕಿನ ಅಡಮಾನ ಮಾತ್ರ ನೋಂದಾಯಿಸಿದ ದಿನದಿಂದಲೇ ಊರ್ಜಿತ. ನೀವು ಸಾಮಾನು ಇಳಿಸುತ್ತಿರುವ ದಿನವೇ ಮಾಲೀಕ ಹೊಸ ಸಾಲ ಎತ್ತಿದರೆ ಬ್ಯಾಂಕು ನಿಮಗಿಂತ ಮುಂದೆ ನಿಲ್ಲುತ್ತದೆ. ಅದಕ್ಕೇ 'ಪ್ರವೇಶದ ಮರುದಿನದವರೆಗೆ ಹೊಸ ಅಡಮಾನ ಮಾಡುವಂತಿಲ್ಲ' ಎಂಬ ಸಾಲನ್ನು ವಿಶೇಷ ಷರತ್ತಿನಲ್ಲಿ ಬರೆಸಿ. ಮನೆ ಸಂಖ್ಯೆ ಕಟ್ಟಡದ ದಾಖಲೆಯಲ್ಲಿರುವಂತೆಯೇ ಇರಬೇಕು. ಬಾಗಿಲ ಮೇಲೆ 301 ಎಂದಿದ್ದು ದಾಖಲೆಯಲ್ಲಿ 201 ಇದ್ದರೆ ನಿಮ್ಮ ನೋಂದಣಿ ನಿಮ್ಮನ್ನು ಕಾಯುವುದಿಲ್ಲ. ಮುಂದೆ ಮನೆ ಬದಲಿಸಿದರೆ 15 ದಿನದೊಳಗೆ ಹೊಸ ವಿಳಾಸ ತಿಳಿಸಿ, ತಡವಾದರೆ ದಂಡ.

ಕೇಳಿದವರು:
ಜೊನ್ಸೆ ಕೈಬಿಟ್ಟೆ. ವೊಲ್ಸೆಯಲ್ಲಿ ದಲ್ಲಾಳಿ ಕಮಿಷನ್ ಎಷ್ಟು? ನಮ್ಮಲ್ಲಿಯಂತೆ ಒಂದು ತಿಂಗಳ ಬಾಡಿಗೆಯೇ?

ಮನೆ ವಿಷಯಕ್ಕೆ ಮಾತ್ರ:
ಅಲ್ಲ, ಕಾನೂನಿನಲ್ಲೇ ಗರಿಷ್ಠ ಇದೆ. ಬಾಡಿಗೆಯನ್ನು 100ರಿಂದ ಗುಣಿಸಿ ಠೇವಣಿಗೆ ಕೂಡಿಸಿ. ಠೇವಣಿ 1 ಕೋಟಿ ವಾನ್, ಬಾಡಿಗೆ 6 ಲಕ್ಷ ಆದರೆ ಒಟ್ಟು 7 ಕೋಟಿ. 5ರಿಂದ 10 ಕೋಟಿಯ ನಡುವೆ 0.4%, ಅಂದರೆ 2 ಲಕ್ಷ 80 ಸಾವಿರ. ಈ ಹಂತದಲ್ಲಿ 3 ಲಕ್ಷಕ್ಕಿಂತ ಹೆಚ್ಚು ಕೇಳುವಂತಿಲ್ಲ, ಮೇಲೆ ವ್ಯಾಟ್ ಇರಬಹುದು. ಠೇವಣಿ 1 ಕೋಟಿ ಹೆಚ್ಚಿಸಿದರೆ ಬಾಡಿಗೆಯಲ್ಲಿ ಸುಮಾರು 50 ಸಾವಿರ ಇಳಿಸಿ ಎಂದು ಕೇಳುವುದು ರೂಢಿ. ಇನ್ನೊಂದು, ಒಂದು ವರ್ಷಕ್ಕೆ ಬರೆಸಿದರೂ ಎರಡು ವರ್ಷ ಇರುವ ಹಕ್ಕು ಬಾಡಿಗೆದಾರರಿಗಿದೆ.

ದೇಜನ್ ಅಡುಗೆಮನೆ:
ಊಟದ ವಿಷಯದಲ್ಲಿ ಸಮಸ್ಯೆ ಮಾಂಸದ ತುಂಡಲ್ಲ, ಸಾರು. 'ಗೊಗಿ' ಬೇಡ ಎಂದರೆ ಮಾಂಸದ ತುಂಡು ತೆಗೆಯುತ್ತಾರೆ, ಸಾರಿಗೆ ಕುದಿಸಿದ ಒಣ ಮೀನು ಅವರ ಲೆಕ್ಕಕ್ಕೇ ಬರುವುದಿಲ್ಲ. ದ್ವೇನ್‌ಜಾಂಗ್ (ಹುದುಗಿಸಿದ ಸೋಯಾ ಪೇಸ್ಟ್) ಸಾರು ನೋಡಲು ತರಕಾರಿ, ತಳದಲ್ಲಿ ಬೂತಾಯಿಯ ತಮ್ಮನಂಥ ಸಣ್ಣ ಮೀನು. ಕಿಮ್ಚಿಯಲ್ಲಿ ಸೀಗಡಿ ಅಥವಾ ಮೀನಿನ ಉಪ್ಪುರಸ. ಗಿಮ್‌ಬಾಪ್‌ನಲ್ಲಿ (ಕಡಲಪಾಚಿಯಲ್ಲಿ ಸುತ್ತಿದ ಅನ್ನ) ಹ್ಯಾಮ್, ಮೀನಿನ ಹಿಟ್ಟಿನ ಪಟ್ಟಿ, ಮೊಟ್ಟೆ. ಬಿಬಿಂಬಾಪ್‌ಗೆ (ತರಕಾರಿ ಕಲಸಿ ತಿನ್ನುವ ಅನ್ನ) 'ಗೊಗಿ, ಗ್ಯೆರಾನ್ ಪ್ಪೆ ಜುಸೆಯೊ' (ಮಾಂಸ, ಮೊಟ್ಟೆ ಬಿಟ್ಟು ಕೊಡಿ) ಎಂದರೂ ಖಾರದ ಪೇಸ್ಟ್‌ನಲ್ಲಿ ಮಾಂಸ ಹುರಿದು ಹಾಕಿರಬಹುದು, ಅದನ್ನೂ ಕೇಳಿ. ನಂಬಬಹುದಾದದ್ದು ಬೌದ್ಧ ದೇವಸ್ಥಾನದ ಅಡುಗೆ, 'ಸಾಚಾಲ್ ಉಮ್ಸಿಕ್'. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ನಮ್ಮ ಮಡಿ ಅಡುಗೆಯವರಿಗೂ ಒಗ್ಗುತ್ತದೆ. ಬೇಸಿಗೆಯಲ್ಲಿ ಸೋಯಾ ಹಾಲಿನ ತಣ್ಣನೆ ಶಾವಿಗೆ ಕೊಂಗ್‌ಗುಕ್ಸು ಸಿಗುತ್ತದೆ, ಮೇಲಿನ ಮೊಟ್ಟೆ ತೆಗೆಸಿ.

ಅಕ್ಕಿ ಅಂಟಂಟು. ಸಾರು ಮೊಸರಿಗೆ ಪರವಾಗಿಲ್ಲ, ಚಿತ್ರಾನ್ನ ಮುದ್ದೆಯಾಗುತ್ತದೆ. ಸೋಲ್‌ನ ಇತೇವಾನ್‌ನಲ್ಲಿ ಮಸೀದಿ ಸುತ್ತಮುತ್ತ, ಮತ್ತೆ ಆನ್ಸಾನ್‌ನಲ್ಲಿ ಬೇಳೆ, ಬಾಸ್ಮತಿ, ಮಸಾಲೆ ಸಿಗುತ್ತವೆ. ರಾಗಿ ಹಿಟ್ಟು, ಸಾರಿನ ಪುಡಿ ಊರಿಂದಲೇ ತನ್ನಿ. ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ತರಬೇಡಿ, ಕ್ವಾರಂಟೈನ್‌ನಲ್ಲಿ ಸಿಕ್ಕಿಬೀಳುತ್ತೀರಿ. ಕೊಡೀನ್ ಇರುವ ಕೆಮ್ಮಿನ ಔಷಧಿ ಚೀಲದಲ್ಲಿ ಇದ್ದರೆ ತೆಗೆದಿಡಿ.

ಮಿಕ್ಸಿ ತರಬಹುದು. ಅಲ್ಲಿ 220 ವೋಲ್ಟ್, 60 ಹರ್ಟ್ಸ್. ಮಿಕ್ಸಿಯ ಬ್ರಷ್ ಮೋಟಾರಿಗೆ ಹರ್ಟ್ಸ್ ವ್ಯತ್ಯಾಸ ತಾಗುವುದಿಲ್ಲ. ಕಲ್ಲಿನ ಗ್ರೈಂಡರ್‌ನಲ್ಲಿರುವುದು ಇಂಡಕ್ಷನ್ ಮೋಟಾರ್, ಐದನೇ ಒಂದರಷ್ಟು ವೇಗ ಹೆಚ್ಚಾಗಿ ಬಲ ತಗ್ಗುತ್ತದೆ, ಹಿಟ್ಟೂ ಬಿಸಿಯಾಗುತ್ತದೆ. ಭಾರ ಹೊರುವ ಕಷ್ಟಕ್ಕೆ ಬೆಲೆಯಿಲ್ಲ, ಬಿಡಿ. ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರುವುದಿಲ್ಲ, ಮಿಕ್ಸಿಯ ವ್ಯಾಟ್ ತಡೆಯುವ ಅಡಾಪ್ಟರ್ ಬೇಕು. ಬೆಳಿಗ್ಗೆ ಆರಕ್ಕೆ ಚಟ್ನಿ ರುಬ್ಬಿದರೆ ಕೆಳಗಿನ ಮನೆಯವರು ದೂರು ಕೊಡುತ್ತಾರೆ. ಮಹಡಿ ನಡುವಿನ ಸದ್ದು ಅಲ್ಲಿ ನಿತ್ಯದ ಜಗಳ. ಮಿಕ್ಸಿಯ ಕೆಳಗೆ ದಪ್ಪ ಬಟ್ಟೆ ಹಾಸಿ, ಹಗಲಲ್ಲಿ ರುಬ್ಬಿ ಫ್ರಿಜ್‌ನಲ್ಲಿಡಿ. ಚಳಿಗಾಲದಲ್ಲಿ ದೋಸೆಹಿಟ್ಟು ಹುಳಿಯಲು ಒಂಡೊಲ್ (ಅಡಿಯಿಂದ ಬಿಸಿ ಮಾಡುವ) ನೆಲವೇ ಸಾಕು: ಪಾತ್ರೆಗೆ ಟವೆಲ್ ಸುತ್ತಿ ಬೆಚ್ಚಗಿನ ಮೂಲೆಯಲ್ಲಿಡಿ, ಬರಿ ನೆಲಕ್ಕೆ ತಾಗಿದರೆ ತಳದ ಹಿಟ್ಟು ಬೇಗ ಹುಳಿಯುತ್ತದೆ.

ಕಸಕ್ಕೆ ಆಯಾ ಜಿಲ್ಲೆ ಅಥವಾ ಊರಿನ ಹೆಸರು ಮುದ್ರಿಸಿದ ಚೀಲವನ್ನೇ ಕೊಳ್ಳಬೇಕು. ಆಹಾರದ ಕಸ ಬೇರೆ, ಆದರೆ ಈರುಳ್ಳಿ ಸಿಪ್ಪೆ, ಚಹಾ ಚರಟ, ಮಾವಿನ ವಾಟೆ, ತೆಂಗಿನ ಚಿಪ್ಪು ಸಾಮಾನ್ಯ ಕಸಕ್ಕೆ. ಪ್ರಾಣಿ ತಿನ್ನಬಹುದೇ ಎಂದು ಕೇಳಿಕೊಳ್ಳಿ, ಬಹುಪಾಲು ಉತ್ತರ ಸಿಗುತ್ತದೆ.

ಧಾರವಾಡದಿಂದ ಸೋಲ್‌ಗೆ:
ಹ್ವೇಸಿಕ್ ಅಂದ್ರ ಆಫೀಸಿನ ಮಂದಿ ಕೂಡಿ ಉಣ್ಣೋದು, ಕುಡಿಯೋದು ರೀ. ಮೊದಲಿನಷ್ಟು ಒತ್ತಾಯ ಈಗಿಲ್ಲ. ಕುಡಿಯಂಗಿಲ್ಲ ಅಂತ ಮೊದಲ ದಿನಾನೇ ಹೇಳ್ರಿ. ನಾಲ್ಕು ತಿಂಗಳು ಒಂದೊಂದು ಗುಟುಕು ತಗೊಂಡು ಆಮ್ಯಾಲ ಬಿಟ್ರ ಯಾರೂ ನಂಬಂಗಿಲ್ಲ. ಗ್ಲಾಸಿನ್ಯಾಗ ಸೈಡರ್ (ಅದು ಸ್ಪ್ರೈಟ್ ಥರದ್ದು, ಮದ್ಯ ಅಲ್ಲ) ಹಾಕ್ಕೊಂಡು ಎಲ್ಲಾರ ಜೋಡಿ ಎತ್ರಿ. ಹಿರಿಯರಿಗೆ ಎರಡೂ ಕೈಲೆ ಹಾಕಿಕೊಡ್ರಿ, ಅವರು ಕೊಟ್ರ ಎರಡೂ ಕೈಲೆ ತಗೋರಿ. ಖಾಲಿ ಆಗದ ಗ್ಲಾಸಿಗೆ ಮತ್ತ ಸುರಿಯಬ್ಯಾಡ್ರಿ. ಹಿರಿಯರು ಚಮಚ ಎತ್ತೋ ತನಕ ಕಾಯ್ರಿ. ಹಂದಿ ಸುಡೋ ಹೋಟೆಲಿಗೆ ಹೊಂಟ್ರ ಮನ್ಯಾಗ ಅರ್ಧ ಹೊಟ್ಟಿ ಉಂಡು ಹೋಗ್ರಿ. ಅಲ್ಲಿ ನಿಮಗ ಅನ್ನ, ಎಲಿ, ಹಸಿ ಮೆಣಸಿನಕಾಯಿ ಬಿಟ್ರ ಗಟ್ಟಿ ಏನೂ ಇಲ್ಲ. ಅಣಬಿ ಅದ ಅಂತ ಖುಷಿ ಪಡಬ್ಯಾಡ್ರಿ, ಅದೇ ಕೊಬ್ಬಿನ ಹಂಚಿನ ಮ್ಯಾಲೆ ಹಾಕ್ತಾರ. ಮೊದಲ ಸುತ್ತು ಮುಗಿದ ಕೂಡ್ಲೆ ಎದ್ರ ತಪ್ಪಲ್ಲ, ಆದ್ರ ತಂಡದ ಹಿರಿಯರಿಗೆ ಹೇಳಿ ಏಳ್ರಿ.

ಮದುವಿಗೆ ಕರೆದ್ರ ಮುಯ್ಯಿ ಕಡ್ಡಾಯ. ಬಿಳಿ ಲಕೋಟಿ, ಹಿಂದ ನಿಮ್ಮ ಹೆಸರು. ಸಹೋದ್ಯೋಗಿ ಆದ್ರ 50 ಸಾವಿರ, ಹತ್ತಿರದವರಾದ್ರ 1 ಲಕ್ಷ. ನಡುವ 60, 80 ಸಾವಿರ ಹಾಕಬ್ಯಾಡ್ರಿ, ಬೆಸ ಸಂಖ್ಯಾನೇ ಶುಭ ಅಂತಾರ, 1 ಲಕ್ಷಕ್ಕ ಮಾತ್ರ ಮಾಫಿ.

ಭಾಷಾ ಹೆದರಬ್ಯಾಡ್ರಿ. ಕ್ರಿಯಾಪದ ಕಡೀಗೆ, ವಿಭಕ್ತಿ ಹಿಂದ ಅಂಟ್ತದ, ನಮ್ಮ ಹಂಗ. ನೀನು–ನೀವು ಭೇದ ನಮಗ ಮೊದಲೇ ಗೊತ್ತು, ಅದಕ್ಕ ಅವರು ವಯಸ್ಸು ಕೇಳಿದ್ರ ಸಿಟ್ಟಾಗಬ್ಯಾಡ್ರಿ, ಹೆಂಗ ಮಾತಾಡಬೇಕು ಅನ್ನೋ ಲೆಕ್ಕಕ್ಕ ಕೇಳ್ತಾರ. ಹಂಗುಲ್ ಅಂದ್ರ ಅವರ ಲಿಪಿ, ಒಂದು ವಾರದ ಕೆಲಸ. ಒಂದೇ ಎಚ್ಚರ: ಅಕ್ಷರದ ಕೆಳಗ ಇನ್ನೊಂದು ವ್ಯಂಜನ ಕಂಡ್ರ ನಮ್ಮ ಕಣ್ಣು ಅದನ್ನ ಒತ್ತಕ್ಷರ ಅಂತ ಓದ್ತದ. ಅಲ್ಲಿ ಅದು ಸ್ವರ ಆದ ಮ್ಯಾಲೆ ಬರೋ ಕೊನೀ ಸದ್ದು. 'ಬಾ' ಕೆಳಗ 'ಪ' ಇದ್ರ 'ಬ್ಪಾ' ಅಲ್ಲ, 'ಬಾಪ್', ಅಂದ್ರ ಅನ್ನ. ಕಲಿಯೋದಿದ್ರ ಸರ್ಕಾರದ ಸಾಮಾಜಿಕ ಏಕೀಕರಣ ತರಗತಿ ಸೇರ್ರಿ, ಒಂದರಿಂದ ನಾಕನೇ ಹಂತದ ತನಕ ಒಂದೊಂದಕ್ಕ 100 ತಾಸು. ಮುಂದ ಎಫ್-2 (ದೀರ್ಘ ವಾಸದ) ವೀಸಾಕ್ಕ ಅಂಕ ಬರ್ತಾವ.

ಯೊಂಗ್‌ತೊಂಗ್‌ನಿಂದ:
ಬಿಟ್ಟುಹೋದದ್ದು ಎರಡು. ಜ್ವರ ಕೆಮ್ಮಿಗೆ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಡಿ. ಮೊದಲು ಬಡಾವಣೆಯ ಸಣ್ಣ ಕ್ಲಿನಿಕ್, ಅಲ್ಲಿಂದ ಶಿಫಾರಸು ಪತ್ರ. ಪತ್ರವಿಲ್ಲದೆ ಅತಿದೊಡ್ಡ ಆಸ್ಪತ್ರೆಗಳಿಗೆ ಹೋದರೆ ವಿಮೆ ಲೆಕ್ಕಕ್ಕೆ ಬಾರದೆ ಪೂರ್ತಿ ದುಡ್ಡು ಕೊಡಬೇಕಾದೀತು. ವೀಸಾ ಪ್ರಶ್ನೆಗೆ 1345, ಸಂಬಳ, ಓವರ್‌ಟೈಮ್ ತಕರಾರಿಗೆ 1350. ಇ-7ರಲ್ಲಿ ಕಂಪನಿ ಬದಲಿಸುವ ಯೋಚನೆ ಬಂದ ದಿನ, ರಾಜೀನಾಮೆಗೆ ಮೊದಲು, 1345ಕ್ಕೆ ಫೋನ್ ಮಾಡಿ.