ಮೋನೆಯ ಸೂರ್ಯ: ಹುಟ್ಟಿದ್ದೋ, ಮುಳುಗಿದ್ದೋ?

(ನಮ್ಮ ಮನೆಯ ವಾಟ್ಸಾಪ್ ಗುಂಪು, ಹೆಸರುಗಳು ನನ್ನ ಮೊಬೈಲ್‌ನಲ್ಲಿ ಇರುವಂತೆ.)

ದೊಡ್ಡಪ್ಪ, ಬೆಳಿಗ್ಗೆ 6.12: [ಚಿತ್ರ] ಎಲ್ಲರಿಗೂ ಶುಭೋದಯ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೋನೆಯ ‘ಇಂಪ್ರೆಷನ್, ಸೂರ್ಯೋದಯ’, 1872. ಯಾರೋ ಕಳಿಸಿದ್ದು. ನನಗೇನೋ ಅರ್ಧಕ್ಕೆ ಬಿಟ್ಟು ಕಾಫಿಗೆ ಎದ್ದವನ ಕೆಲಸದಂತೆ ಕಾಣುತ್ತದೆ.

ಮಲ್ಪೆ ಭಾವ: ಮಾವ, ಇದು ಶುಭೋದಯಕ್ಕೆ ಒಗ್ಗದು. ಊರು ಫ್ರಾನ್ಸಿನ ಲ ಆವ್ರ್, ಅಲ್ಲಿಯೂ ನಮ್ಮ ಮಲ್ಪೆಯಂತೆ ಪಶ್ಚಿಮಕ್ಕೆ ಕಡಲು. ಸೂರ್ಯ ಕಡಲಲ್ಲಿ ಮುಳುಗಿಯಾನೇ ಹೊರತು ಏಳಲಾರ.

ಅಕ್ಕ: ಇವರ ಮಾತು ಕೇಳಬೇಡಿ ದೊಡ್ಡಪ್ಪ. ಅದು ತೆರೆದ ಕಡಲಲ್ಲ, ಬಂದರಿನ ಒಳಗು. ಮೋನೆ ಹೋಟೆಲಿನ ಕಿಟಕಿಯಲ್ಲಿ ನಿಂತು ಆಗ್ನೇಯಕ್ಕೆ ನೋಡಿ ಬರೆದದ್ದು. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಆ ದಿಕ್ಕಿನಲ್ಲಿ.

ಮಲ್ಪೆ ಭಾವ: ಹಾಗಾದರೆ 1878ರ ಹರಾಜಿನ ಪಟ್ಟಿಯಲ್ಲಿ ಇದಕ್ಕೆ ‘ಸೂರ್ಯಾಸ್ತ’ ಎಂದು ಏಕೆ ಬರೆದರು?

ಅಕ್ಕ: ಬರೆದವರು ಹರಾಜಿನವರು. ಪ್ಯಾರಿಸ್ಸಿನಲ್ಲಿ 1874ರ ಪ್ರದರ್ಶನದ ಪಟ್ಟಿಯಲ್ಲಿ ಸೂರ್ಯೋದಯ ಎಂದೇ ಇದೆ. ಅದಿರಲಿ, ಹಿಂದೆ ದೊಡ್ಡ ಹಡಗುಗಳು ಓಡಾಡುತ್ತಿವೆ ನೋಡಿ. ಅಳಿವೆಯ ಬಂದರಿನಲ್ಲಿ ಅವು ಯಾವಾಗ ಹೊರಡುತ್ತವೆ, ನೀವೇ ಹೇಳಿ.

ಮಲ್ಪೆ ಭಾವ: ಭರತ ಬಂದಾಗ, ಕಡಲು ಉಬ್ಬಿ ನೀರೇರಿದಾಗ.

ಅಕ್ಕ: ಅಷ್ಟೇ. ಖಗೋಳ ವಿಜ್ಞಾನಿ ಡೊನಾಲ್ಡ್ ಓಲ್ಸನ್ ಭರತದ ಹೊತ್ತು, ಸೂರ್ಯನ ಎತ್ತರ, ಹೊಗೆ ವಾಲಿದ ದಿಕ್ಕು, ಅಂದಿನ ಹವಾಮಾನದ ದಾಖಲೆ ಎಲ್ಲವನ್ನೂ ಕೂಡಿಸಿ 1872ರ ನವೆಂಬರ್ 13, ಬೆಳಿಗ್ಗೆ 7.35ರ ಆಸುಪಾಸು ಎಂದು ಲೆಕ್ಕ ಹಾಕಿದ್ದಾರೆ.

ಮಲ್ಪೆ ಭಾವ: ದಕ್ಕೆಯಲ್ಲಿ ಬೆಳೆದ ನನಗೆ ಭರತದ ಪಾಠ!

ದೊಡ್ಡಪ್ಪ: ಉದಯವೇ ಇರಲಿ. ಮುಗಿಸದ ಚಿತ್ರಕ್ಕೆ ಇಷ್ಟು ಪಂಚಾಂಗ ಏಕೆ?

ನಾನು: ದೊಡ್ಡಪ್ಪ, ನಿಮಗಿಂತ ಮೊದಲೇ ಲೂಯಿ ಲೆರುವಾ ಎಂಬ ಪತ್ರಕರ್ತ 1874ರಲ್ಲಿ ಇದನ್ನು ಆಡಿಕೊಂಡಿದ್ದ. ಅರೆಬರೆ ಗೋಡೆ ಕಾಗದವೇ ಇದಕ್ಕಿಂತ ಪೂರ್ತಿಯಾಗಿರುತ್ತದೆ ಎಂದು. ಅವನ ಆ ಗೇಲಿಯ ಲೇಖನದಿಂದಲೇ ಮೋನೆ ಮತ್ತು ಅವನ ಜೊತೆಗಾರ ಚಿತ್ರಕಾರರಿಗೆ ‘ಇಂಪ್ರೆಷನಿಸ್ಟ್’ ಎಂಬ ಹೆಸರು ಹಬ್ಬಿತು.

ದೊಡ್ಡಪ್ಪ: ಸಮಾನಮನಸ್ಕ.

ನಾನು: [ಚಿತ್ರ] ಈಗ ಅದನ್ನೇ ಕಪ್ಪುಬಿಳುಪು ಮಾಡಿದ್ದೇನೆ. ಸೂರ್ಯನನ್ನು ಹುಡುಕಿ.

ಸೋದರತ್ತೆ: ಅಯ್ಯೋ, ಎಲ್ಲಿ ಹೋದ? ಗ್ರಹಣವೇ?

ನಾನು: ಅಲ್ಲೇ ಇದ್ದಾನೆ ಅತ್ತೆ. ಕಿತ್ತಳೆಯ ಸೂರ್ಯನ ಹೊಳಪೂ ಸುತ್ತಲಿನ ಬೂದುನೀಲಿಯ ಹೊಳಪೂ ಹೆಚ್ಚುಕಡಿಮೆ ಒಂದೇ. ಬೇರೆಯಾಗಿರುವುದು ಬಣ್ಣ ಮಾತ್ರ. ಬಣ್ಣ ತೆಗೆದರೆ ಕರಗಿಹೋಗುತ್ತಾನೆ. ಕಣ್ಣು ಬಣ್ಣವನ್ನೂ ಹೊಳಪನ್ನೂ ಬೇರೆ ಬೇರೆಯಾಗಿ ಗ್ರಹಿಸುವುದರಿಂದ, ಬಣ್ಣದ ಚಿತ್ರದಲ್ಲಿ ಅವನು ಮಿಡಿಯುವಂತೆ ತೋರುತ್ತಾನೆ. ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದನ್ನು ವಿವರಿಸಿದ್ದಾರೆ.

ಮಲ್ಪೆ ಭಾವ: ಇದನ್ನು ಒಪ್ಪುತ್ತೇನೆ. ಮಂಜು ಕವಿದ ದಿನ ಸೂರ್ಯನನ್ನು ನೇರವಾಗಿ ನೋಡಿದರೂ ಕಣ್ಣು ಕುಕ್ಕುವುದಿಲ್ಲ, ಕುಂಕುಮದ ಬೊಟ್ಟಿನಂತೆ ಇರುತ್ತಾನೆ.

ದೊಡ್ಡಪ್ಪ: ಎರಡು ಸಲ ಮಾಡಿ ನೋಡಿದೆ. ಎರಡು ಸಲವೂ ಮಾಯ. ಆದರೂ ದೋಣಿಯಲ್ಲಿ ನಿಂತವನಿಗೆ ಮುಖ ಬರೆಯಬಹುದಿತ್ತು.

ಅಕ್ಕ: ಆ ಮಂಜಿನಲ್ಲಿ ನಿಮಗೆ ಮುಖ ಕಂಡೀತೇ ದೊಡ್ಡಪ್ಪ?

ದೊಡ್ಡಪ್ಪ: ಕನ್ನಡಕ ಹಾಕಿದರೆ ಕಂಡೀತು.

ಸೋದರತ್ತೆ: ನೀವು ಕಾದಾಡುತ್ತಿರಿ. ಸಂಜೆ ಇದನ್ನೇ ‘ಶುಭ ಸಂಜೆ’ ಎಂದು ಭಜನಾ ಮಂಡಳಿಯ ಗುಂಪಿಗೆ ಕಳಿಸುತ್ತೇನೆ.

ಮಲ್ಪೆ ಭಾವ: ಕಳಿಸಿ ಅತ್ತೆ. ಹರಾಜಿನವರು ನಿಮ್ಮ ಪಕ್ಷ.